ಅರಳಿಕಟ್ಟೆಯ ನೂರೆಂಟು ಹರಳು

ಹಿತ್ತಲ ಪಡಸಾಲೆಯಲ್ಲಿ ಕುಳಿತು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದೆ. ವರ್ಷದ ಖಾರಪುಡಿಗೆಂದು ನಮ್ಮವರ ಅಂಗಡಿಯಿಂದ ಕಳಿಸಿದ ಕಾಯಿ. ಬ್ಯಾಡಗಿಯಲ್ಲಿ ಬಾಳುವೆ ಮಾಡಿದವರಿಗೆ ಅದರ ಘಾಟು ಮೂಗಿಗೆ ಗೊತ್ತೇ ಆಗುವುದಿಲ್ಲ. ಆದರೆ ಕೈ ಉರಿಯುವುದು ಯಾರಿಗೂ ತಪ್ಪಿಲ್ಲ. ಅರ್ಧ ಚೀಲ ಮುಗಿದಿತ್ತು. ಅಷ್ಟರಲ್ಲಿ ನನ್ನ ನಾದಿನಿ ಚಪ್ಪಲಿಯನ್ನೂ ಬಿಡದೆ ಒಳಗೆ ಬಂದಳು. ಅದೇ ಓಣಿಯಲ್ಲಿ ಎರಡು ಮನೆ ಆಚೆಗೆ ಕೊಟ್ಟ ಹೆಣ್ಣು. ದಿನಕ್ಕೆ ನಾಲ್ಕು ಸಲ ಬಂದರೂ ಚಪ್ಪಲಿ ಬಾಗಿಲಲ್ಲೇ ಬಿಡುವವಳು. ಏನೋ ಆಗಿದೆ ಎಂದು ಆಗಲೇ ತಿಳಿಯಿತು.

“ವೈನಿ, ಕಳ್ಳಿ ಸಿಕ್ಕಳ್ರಿ!” ಎಂದು ಒಂದು ಬಿಳಿ ಜಂಪರನ್ನು ನನ್ನ ಮಡಿಲಿಗೆ ಹಾಕಿದಳು. “ಹುಕ್ಕಿನ ಕೆಳಗ ನೋಡ್ರಿ.”

ನೋಡಿದೆ. ಹೆಬ್ಬೆರಳಿನ ಗುರುತು. ಕೆಂಪಗೆ, ಎಣ್ಣೆ ಹತ್ತಿದಂತೆ.

“ನಿಮ್ಮ ಹಿಂದಿನ ಖೋಲಿಯಾಕಿಗೆ ಹೊಲಿಯಾಕ ಕೊಟ್ಟಿದ್ದೆ. ಈಗರೆ ತಂದುಕೊಟ್ಟಳು. ಆಕಿ ಹಣಿಗೆ ಹಚ್ಚೂದು ಟಿಕಳಿ. ಕುಂಕುಮ ಎಲ್ಲಿಂದ ಬಂತು? ಹೇಳ್ರಿ ನೋಡೂಣು.”

ಎಣ್ಣೆಯಲ್ಲಿ ಕಲೆಸಿದ ಆ ಕುಂಕುಮ ನನ್ನದೇ. ಕಳ್ಳರ ಕೈಗೆ ಹತ್ತಲಿ ಎಂದು ಹಿಂದಿನ ದಿನ ಹರಕೆಯ ಹರಳಿಗೆ ನಾನೇ ಹಚ್ಚಿ ಬಂದಿದ್ದೆ.

ಇದನ್ನು ಮೊದಲಿನಿಂದ ಹೇಳಬೇಕು. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಆ ವರ್ಷ ನಮ್ಮವರಿಗೆ ಕಾಮಾಲೆ ಆಗಿ, ಹಾವೇರಿಯ ದವಾಖಾನೆಯಲ್ಲಿ ಮಲಗಿಸಿಕೊಂಡು ಕುಳಿತಿದ್ದೆ. ಕಣ್ಣು ಅರಿಷಿಣವಾಗಿತ್ತು, ಅನ್ನ ಕಂಡರೆ ಮುಖ ತಿರುವುತ್ತಿದ್ದರು. ದವಾಖಾನೆಯ ಕಿಟಕಿಯಲ್ಲಿ ನಿಂತು, ಇವರು ಎದ್ದು ನಡೆದು ಮನೆಗೆ ಬಂದರೆ ನಮ್ಮ ಓಣಿಯ ಹನುಮಪ್ಪನ ಗುಡಿ ಮುಂದಿನ ಅರಳಿಮರಕ್ಕೆ ನಾಲ್ವತ್ತೆಂಟು ದಿನ, ದಿನಕ್ಕೆ ನೂರೆಂಟು ಸುತ್ತು ಹಾಕುತ್ತೇನೆ ಎಂದು ಬೇಡಿಕೊಂಡೆ. ಎದ್ದರು, ನಡೆದರು, ಬಂದರು. ಬಂದ ದಿನ ಒಂದು ತುತ್ತು ಗಂಜಿ ಹೆಚ್ಚು ಕೇಳಿದರು. ಆ ಒಂದು ತುತ್ತು ನನಗೆ ಇವತ್ತಿಗೂ ನೆನಪಿದೆ. ದೇವರು ದೊಡ್ಡದನ್ನು ಕೊಡುವಾಗಲೂ ಹೀಗೆ ಚೂರುಚೂರಾಗಿ ಕೊಡುತ್ತಾನೆ, ಕೈ ಒಡ್ಡಿಕೊಂಡೇ ಇರಬೇಕು.

ಸುತ್ತು ಹಾಕುವಾಗ ಲೆಕ್ಕ ತಪ್ಪಬಾರದು. ನಮ್ಮಲ್ಲಿ ಹರಳಿನ ಪದ್ಧತಿ ಇತ್ತು. ನೂರೆಂಟು ಸಣ್ಣ ಹರಳು ಆರಿಸಿ ಒಂದು ತೆಂಗಿನ ಪರಟಿಯಲ್ಲಿ ಹಾಕಿಡುವುದು. ಒಂದು ಸುತ್ತಿಗೆ ಒಂದು ಹರಳು ತೆಗೆದು ತಟ್ಟೆಗೆ ಹಾಕುವುದು. ಮುಗಿದ ಮೇಲೆ ಎಲ್ಲವನ್ನೂ ಪರಟಿಗೆ ಸುರಿದು ಕಟ್ಟೆಯ ಬುಡದ ದೀಪದ ಗೂಡಿನಲ್ಲಿ ಇಟ್ಟು ಬರುವುದು. ಹರಕೆಗೆ ಇಟ್ಟದ್ದನ್ನು ಹರಕೆ ಮುಗಿಯುವ ತನಕ ಮನೆಗೆ ತರುವಂತಿಲ್ಲ. ನನ್ನ ತವರು ಹೊಸರಿತ್ತಿ. ಅಲ್ಲಿಗೆ ಹೋಗಿ ವರದಾ ಹೊಳೆಯ ದಂಡೆಯಲ್ಲಿ ಒಂದು ಮಧ್ಯಾಹ್ನವೆಲ್ಲ ಕೂತು ಆರಿಸಿಕೊಂಡು ಬಂದಿದ್ದೆ. ತೊಗರಿಕಾಳಿಗಿಂತ ದೊಡ್ಡವಲ್ಲ. ಕೆಲವು ಬಿಳಿ, ಕೆಲವು ಜೇನಿನ ಬಣ್ಣ, ಎಲ್ಲ ನುಣುಪು.

ಹದಿನೈದು ದಿನ ಚೆನ್ನಾಗಿ ನಡೆಯಿತು. ಹದಿನಾರನೆಯ ದಿನ ಹರಳು ಮುಗಿಯಿತು, ಆದರೆ ನನಗೆ ಸುತ್ತು ಮುಗಿದಂತೆ ಅನ್ನಿಸಲಿಲ್ಲ. ಎಣಿಸಿದೆ. ನೂರಾ ಐದು. ನಾನೇ ಎಲ್ಲೋ ಚೆಲ್ಲಿರಬೇಕೆಂದು ಮೂರು ಸುತ್ತು ಹೆಚ್ಚು ಹಾಕಿ ಬಂದೆ. ಮರುದಿನ ಎಣಿಸಿಯೇ ಶುರು ಮಾಡಿದೆ: ನೂರಾ ಹತ್ತು! ಅದರ ಮರುದಿನ ನೂರಾ ಆರು. ಒಂದು ದಿನವಂತೂ ಪರಟಿಯ ತಳದಲ್ಲಿ ಒಂದು ಒರಟು ಕೆಂಪು ಹರಳು ಸಿಕ್ಕಿತು. ಹೊಳೆಯ ದಂಡೆಯದಲ್ಲ, ನಾನು ತಂದದ್ದಲ್ಲ.

ಕಳೆದುಹೋದರೆ ಕಳವು ಎನ್ನಬಹುದು. ಆದರೆ ತೆಗೆಯುವುದು, ಹಾಕುವುದು, ನಡುವೆ ಯಾರದೋ ಕಲ್ಲು ಸೇರಿಸುವುದು? ಇದು ಬೇರೆಯೇ ಎಂದು ಮನಸ್ಸು ಹೇಳಿತು. ಇವರ ಹಳದಿ ಕಣ್ಣು ಎದುರಿಗೆ ಬಂದು ನಿಂತಿತು.

ನಮ್ಮವರು ದಲಾಲಿ ಅಂಗಡಿಯಲ್ಲಿ ಗುಮಾಸ್ತರು. ಅವರಿಗೆ ಹೇಳಿದರೆ ಹಾಸಿಗೆಯಲ್ಲೇ ನಕ್ಕರು. “ನಾ ದಿನಾ ಮೆಣಸಿನಕಾಯಿ ಚೀಲಾ ಎಣಸಾಂವ. ನನ್ನ ಮಾತು ಕೇಳು. ಎಣಿಕಿ ತಪ್ಪಿತಂದ್ರ ಮೊದಲ ಎಣಸಿದಾಂವನ್ನ ಹಿಡೀಬೇಕು.”

“ನನಗ ನೂರೆಂಟು ಎಣಸಾಕ ಬರೂದಿಲ್ಲೇನ್ರಿ?”

“ಬರತೈತಿ. ಹನುಮಪ್ಪನೂ ಒಂದೀಟು ಎಣಸಲಿ ಬಿಡು, ಕೂತಾನಲ್ಲ ಸುಮ್ಮನ.”

ಅವರಿಗೆ ನಗೆ ಬಂದದ್ದೇ ಪುಣ್ಯ ಎಂದುಕೊಂಡೆ, ಆದರೆ ಸಮಾಧಾನ ಆಗಲಿಲ್ಲ. ಗುಡಿಗೆ ಬರುವ ಒಬ್ಬೊಬ್ಬರ ಮೇಲೂ ಕಣ್ಣಿಟ್ಟೆ. ಹೂವಿನವಳು ಬಗ್ಗಿದರೆ ಸಂಶಯ, ಪೂಜಾರಿ ಕೆಮ್ಮಿದರೆ ಸಂಶಯ. ನಾದಿನಿಯ ಮುಂದೆ ಬಾಯಿಬಿಟ್ಟಾಗ ಅವಳೇ ಹಿಂದಿನ ಖೋಲಿಯ ಕಡೆ ಗಲ್ಲ ಎತ್ತಿ ತೋರಿಸಿದಳು.

ಹಿಂದಿನ ಖೋಲಿಯಲ್ಲಿ ಬಾಡಿಗೆಗೆ ಇದ್ದವಳು ರಾಣೆಬೆನ್ನೂರ ಹತ್ತಿರದ ಹಲಗೇರಿಯ ಹೆಣ್ಣುಮಗಳು. ಗಂಡ ಬಿಟ್ಟುಹೋಗಿದ್ದ. ಒಂದು ಹೊಲಿಗೆ ಮಷೀನು, ಒಂದು ಟ್ರಂಕು ಹೊತ್ತು ಬಂದು, ಓಣಿಯ ಹೆಂಗಸರ ಜಂಪರು, ಲಂಗ ಹೊಲಿದು ತನ್ನ ಹೊಟ್ಟೆ ತಾನು ನೋಡಿಕೊಳ್ಳುತ್ತಿದ್ದಳು. ಮಾತು ಕಡಿಮೆ. ನಸುಕಿನಲ್ಲಿ ಕಟ್ಟೆಯ ಪಕ್ಕದ ಬೋರಿಗೆ ನೀರು ತರಲು ಹೋಗುತ್ತಿದ್ದವಳು ಓಣಿಗೆಲ್ಲ ಅವಳೊಬ್ಬಳೇ, ನನಗಿಂತಲೂ ಮೊದಲು.

“ತನ್ನ ಸಂಸಾರ ಹಾಳಾತು, ನಿಮ್ಮದು ನೆಟ್ಟಗಾಗೂದು ನೋಡಾಕ ಆಗವಲ್ದು,” ಎಂದಳು ನಾದಿನಿ. ಆ ಮಾತು ನನಗೆ ಹಿಡಿಸಲಿಲ್ಲ. ಆದರೆ ಬೇಡ ಎಂದೂ ಅನ್ನಲಿಲ್ಲ. ಕುಂಕುಮದ ಉಪಾಯ ನನ್ನ ತಲೆಗೇ ಬಂದದ್ದು. ಪೂಜೆಯ ಹರಳಿಗೆ ಕುಂಕುಮ ಹಚ್ಚಿದರೆ ಯಾರೂ ಏನೂ ಅನ್ನುವುದಿಲ್ಲ. ಎಣ್ಣೆ ಸೇರಿಸಿದರೆ ಬೆರಳಿಗೆ ಹತ್ತಿದ್ದು ಲಗೂ ಹೋಗುವುದಿಲ್ಲ. ಮೂವತ್ತೊಂದನೆಯ ದಿನ ಹಚ್ಚಿದೆ. ಮರುದಿನ ಬಿಳಿ ಜಂಪರು ನನ್ನ ಮಡಿಲಿಗೆ ಬಂತು.

ಮೆಣಸಿನಕಾಯಿಯ ಕೈಯಲ್ಲೇ ಎದ್ದು ಹಿಂದಿನ ಖೋಲಿಗೆ ಹೋದೆ. ನಾದಿನಿ ನನ್ನ ಬೆನ್ನಿಗೇ ಇದ್ದಳು. ಮಷೀನಿನ ಮುಂದೆ ಕುಳಿತಿದ್ದ ಹೊಲಿಗೆಯವಳು ಎದ್ದು ನಿಂತಳು.

“ಗೂಡಿನಾಗಿನ ಹರಳು ಮುಟ್ಟೀದೇನು?” ಎಂದು ಕೇಳಿದೆ.

ಅವಳು ತನ್ನ ಬೆರಳು ನೋಡಿಕೊಂಡಳು. “ಹೌದ್ರಿ ಅಕ್ಕಾರ. ಮುಟ್ಟೇನಿ.”

“ಯಾಕ?”

ಬೆರಳನ್ನು ಸೆರಗಿಗೆ ಒರೆಸಿಕೊಂಡಳು.

“ಬಾಯಾಗೇನು ಸೂಜಿ ಇಟ್ಕೊಂಡೀಯೇನು? ಹೇಳು!” ಎಂದು ನಾದಿನಿ ಕೂಗಿದಳು. ಪಕ್ಕದ ಮನೆಯ ಕಿಟಕಿ ತೆರೆಯಿತು.

“ನಾ ಹೇಳಿದ್ರ ನೀವು ನಂಬೂದಿಲ್ರಿ,” ಎಂದಳು, ಅಷ್ಟೇ.

ಒಪ್ಪಿಕೊಂಡವಳನ್ನು ಇನ್ನೇನು ಕೇಳುವುದು? “ಅಮಾಸಿಯೊಳಗ ಖೋಲಿ ಖಾಲಿ ಮಾಡು,” ಎಂದೆ. ನನ್ನ ದನಿ ನನಗೇ ಗಟ್ಟಿಯಾಗಿ ಕೇಳಿಸಿತು. ಅವಳು “ಆತ್ರಿ” ಎಂದು ಅರ್ಧ ಹೊಲಿದ ಬಟ್ಟೆಯನ್ನು ಮಡಿಸತೊಡಗಿದಳು. ಆ ಓಣಿಯ ಹೊಲಿಗೆಯೇ ಅವಳ ಜೀವನ. ಇಲ್ಲಿಂದ ಎದ್ದರೆ ಅಣ್ಣನ ಮನೆ ಒಂದೇ ಗತಿ, ಅಲ್ಲಿ ಅತ್ತಿಗೆಯ ಕಣ್ಣಿಗೆ ಅವಳು ಬೇಡ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ. ಬರೆಯುವಾಗ ಅದನ್ನು ಮುಚ್ಚಿಡಬಾರದು.

ಮರುದಿನ ಅವಳು ಖೋಲಿಗೆ ಕೀಲಿ ಹಾಕಿ, ಅಣ್ಣನನ್ನು ಕೇಳಿಕೊಂಡು ಬರುತ್ತೇನೆಂದು ಹಲಗೇರಿಗೆ ಹೋದಳು.

ಇನ್ನು ಹರಳು ಸುರಕ್ಷಿತ ಎಂದು ನಾನು ಹೊಸದಾಗಿ ನೂರೆಂಟು ಸರಿಮಾಡಿಟ್ಟೆ. ಮರುದಿನ ಬೆಳಿಗ್ಗೆ ಎಣಿಸಿದರೆ ನೂರಾ ಮೂರು. ಅದರ ಮರುದಿನ ತೊಂಬತ್ತೊಂಬತ್ತು. ಅವಳು ಊರಲ್ಲಿ ಇಲ್ಲ. ಖೋಲಿಗೆ ಕೀಲಿ ಇದೆ. ನಾನು ಎರಡು ಸಲ ಹೋಗಿ ಕೀಲಿಯನ್ನು ಜಗ್ಗಿ ನೋಡಿ ಬಂದೆ. ನಾದಿನಿಯ ಮೇಲೇ ಒಂದು ಗಳಿಗೆ ಸಂಶಯ ಬಂತು, ಅವಳ ಬೆರಳನ್ನೂ ಕದ್ದು ನೋಡಿದೆ. ಆಮೇಲೆ ಒಂದು ಮಾತು ಹೊಳೆಯಿತು: ಈಗ ಹರಳು ಕಡಿಮೆ ಆಗುತ್ತಿವೆಯೇ ಹೊರತು ಒಂದೂ ಹೆಚ್ಚಾಗುತ್ತಿಲ್ಲ. ತೆಗೆಯುವವರು ಇಲ್ಲೇ ಇದ್ದಾರೆ. ಇಲ್ಲಿ ಇಲ್ಲದವಳು ಹಾಕುವವಳು.

ಮೂರನೆಯ ದಿನ, ಕಾಗಿನೆಲೆಗೆ ಹೋಗುವ ಮೊದಲ ಬಸ್ಸು ಇನ್ನೂ ಹಾರ್ನ್ ಹೊಡೆದಿರಲಿಲ್ಲ, ನಾನು ಕಂದೀಲು ಸಣ್ಣಗೆ ಮಾಡಿಕೊಂಡು ಗುಡಿಯ ಮೆಟ್ಟಿಲ ಮೇಲೆ ಕುಳಿತೆ. ಹನುಮಪ್ಪನ ನಾಮ ಬಾಯಲ್ಲಿ ಇತ್ತು, ಕಣ್ಣು ಗೂಡಿನ ಮೇಲೆ. ಬಹಳ ಹೊತ್ತು ಏನೂ ಇಲ್ಲ. ಪೂರ್ವಕ್ಕೆ ಬೂದಿ ಬಣ್ಣ ಬರುವಾಗ ಪರಟಿಯಲ್ಲಿ ಕಟಕಟ ಸಪ್ಪಳವಾಯಿತು.

ಇಲಿ. ನಮ್ಮ ಅಡಿಗೆಮನೆಯ ಇಲಿಯಂಥದಲ್ಲ, ನನ್ನ ಹೆಬ್ಬೆರಳಿಗಿಂತ ಒಂದಿಷ್ಟು ಉದ್ದ. ಮೈ ಕಂದು, ಹೊಟ್ಟೆ ಬೆಳ್ಳಗೆ, ಬೆನ್ನಿನ ಕೂದಲು ಸೆಟೆದ ಹಾಗೆ ನಿಂತಿತ್ತು. ಬಾಯಲ್ಲಿ ನನ್ನ ಹರಳು. ಅದು ಗೂಡಿನಿಂದ ಇಳಿದು ಕಟ್ಟೆಯ ಬುಡ ಹಿಡಿದು ಓಡಿ ನಾಗರಕಲ್ಲಿನ ಹಿಂದೆ ಮರೆಯಾಯಿತು. ಆ ಕಲ್ಲಿನ ಹಿಂದೆ ಒಂದು ತೂತು ಇದ್ದದ್ದು ಓಣಿಗೆಲ್ಲ ಗೊತ್ತು. ನಾಗಪ್ಪನ ಬಿಲವೆಂದು ಪಂಚಮಿಗೆ ಹಾಲು ಹಾಕುತ್ತಿದ್ದೆವು, ಭಯಕ್ಕೆ ಯಾರೂ ಬಗ್ಗಿ ನೋಡುತ್ತಿರಲಿಲ್ಲ. ನಾನು ಕೈಮುಗಿದು, ತಪ್ಪಾದರೆ ಕ್ಷಮಿಸೆಂದು ಬೇಡಿಕೊಂಡು ಕಂದೀಲು ಹಿಡಿದು ಬಗ್ಗಿದೆ.

ತೂತೇ ಇರಲಿಲ್ಲ. ತೂತಿನ ಜಾಗದಲ್ಲಿ ಸಣ್ಣ ಹರಳುಗಳನ್ನು ಒತ್ತೊತ್ತಾಗಿ ಇಟ್ಟು ಮುಚ್ಚಿತ್ತು, ಒಳಗಿನಿಂದ ಕದ ಹಾಕಿಕೊಂಡ ಹಾಗೆ. ಹೊರಗೆ ಒಂದು ಬೊಗಸೆಯಷ್ಟು ಹರಳಿನ ಗುಡ್ಡೆ. ಕೆಂಪು ಗರಸುಮಣ್ಣಿನ ಒರಟು ಹರಳಿನ ನಡುವೆ ಅಲ್ಲಲ್ಲಿ ಬಿಳಿ, ಜೇನು ಬಣ್ಣ. ಕೆಲವಕ್ಕೆ ನನ್ನ ಕುಂಕುಮ ಇನ್ನೂ ಹತ್ತಿತ್ತು.

ಅವತ್ತು ಸುತ್ತು ಹಾಕಿದೆನೋ ಇಲ್ಲವೋ ನೆನಪಿಲ್ಲ. ಹಾಕಿರಬೇಕು, ಕಾಲು ತಾನೇ ನಡೆಯುತ್ತಿತ್ತು.

ಸಂಜೆ ಅವಳು ಹಲಗೇರಿಯಿಂದ ಬಂದಳು. ನಾಳೆ ಮುಂಜಾನೆ ಅಣ್ಣ ಟೆಂಪೋ ಕಳಿಸುತ್ತಾನೆ, ದನದ ಕೊಟ್ಟಿಗೆಯ ಬಾಜೂಕ ಜಾಗ ಕೊಟ್ಟಿದ್ದಾನೆ, ಅತ್ತಿಗೆಗೆ ತಲೆನೋವಂತೆ, ಮಷೀನಿನ ಸಪ್ಪಳ ಮಾತ್ರ ಆಗಬಾರದಂತೆ ಎಂದಳು. ನಾನು ಅವಳನ್ನು ಅಡಿಗೆಮನೆಗೆ ಕರೆದು ಮಣೆ ಕೊಟ್ಟೆ. ಕುಳಿತುಕೊಳ್ಳಲಿಲ್ಲ.

“ಇಲಿ ನೋಡಿದೆ,” ಎಂದೆ.

ಅವಳ ಮುಖದಲ್ಲಿ ಮೊದಲ ಸಲ ಏನೋ ಸಡಿಲಾಯಿತು. “ಕಲ್ಲಿಲಿ ರಿ ಅದು. ನಮ್ಮ ಹಲಗೇರಿ ಹೊಲದಾಗ ಗರಸಿನ ಬದುವಿನ್ಯಾಗ ಬೇಕಾದಷ್ಟು. ಹರಳಿನ ಗುಡ್ಡಿ ಕಂಡ್ರ ಸಾಕು, ಇಲ್ಲೇ ಐತಿ ಅಂತ ತಿಳೀಬೇಕು. ಸಣ್ಣಾಕಿದ್ದಾಗ ಅಗದು ನೋಡೇವ್ರಿ. ಒಂದು ಮೊಳ ಒಳಗ ಹೋದ್ರ ಒಂದು ಖೋಲಿ. ಅದರಾಗ ಹಾಸಿಗಿನೂ ಹರಳಿಂದ.”

“ಹರಳಿನ ಮ್ಯಾಲೆ ಮಲಗತೈತೇನು?”

“ಹೂನ್ರಿ. ಹೊಟ್ಟೀ ಕೂದಲ ದಪ್ಪ, ಚುಚ್ಚೂದಿಲ್ಲ. ರಾತ್ರಿ ಎಲ್ಲ ತಿರುಗತೈತಿ, ಬೆಳಕಾಗೂದ್ರಾಗ ಒಳಗ ಹೋಗಿ ಬಾಗಲಾ ಹಾಕ್ಕೊಂತೈತಿ. ಹಾವು ಬರಬಾರದಂತ ಇರಬೇಕು. ಅದು ನಿಮ್ಮ ಹರಳು ಒಯ್ಯೂದು ಕಂಡೆ, ನೀರಿಗೆ ಹೋದಾಗ ಆ ಬಾಗಲದಾಗಿಂದ ಒಂದು ಚಿಮಟಿಗಿ ತೆಗೆದು ನಿಮ್ಮ ಪರಟಿಗೆ ಹಾಕತಿದ್ದೆ. ಎಣಸಾಕ ಟೈಮ್ ಸಿಗತಿರ್ಲಿಲ್ಲ. ನೀವು ಬಂದಬಿಡತಿದ್ರಿ,” ಎಂದಳು.

“ಕೇಳಿದಾಗ ಹೇಳಬಾರದಿತ್ತೇನ?”

“ಹೇಳಿದ್ರ ಇಲಿ ಮುಟ್ಟಿತು, ಹರಕಿ ಕೆಟ್ಟಿತು ಅಂತ ಮೊದಲಿಂದ ಸುರು ಮಾಡತಿದ್ರಿ. ನಿಮ್ಮ ಹಿಮ್ಮಡ ನೋಡೇನ್ರಿ ನಾ, ಒಡದು ರಕ್ತ ಬರಾಕತ್ತಿತ್ತು. ಮತ್ತ...” ಅವಳು ಒಲೆಯ ಕಡೆ ನೋಡಿದಳು. “ಗಂಡ ಬಿಟ್ಟಾಕಿ ಹರಕಿ ಹರಳು ಮುಟ್ಟಿದ್ಲು ಅಂದ್ರ ಸುಮ್ಮನಿರತಿದ್ರೇನ್ರಿ ನೀವು? ಇಲಿ ಮುಟ್ಟಿದ್ದರ ತಡಕೋತಿದ್ರೇನೋ. ನಾ ಮುಟ್ಟಿದ್ದು?”

ಅವಳು ಹೇಳಿದ ಎರಡೂ ಖರೆ.

“ಇಲ್ಲೇ ಇರು,” ಎಂದೆ. “ಟೆಂಪೋ ಬಂದ್ರ ತಿರುಗಿಸಿ ಕಳಸೂಣು.”

“ಇದ್ದು ಏನ ಮಾಡ್ಲಿ ಅಕ್ಕಾರ? ನಾ ಮಾಟ ಮಾಡಸಾಕಿ ಅಂತ ನಿಮ್ಮ ನಾದಿನಿಯವರು ಓಣಿ ತುಂಬ ಹೇಳ್ಯಾರ. ಹೊಲಿಯಾಕ ಕೊಟ್ಟಿದ್ದ ಅರಿವಿ ನಾಕು ಮಂದಿ ತಿರುಗಿ ಒಯ್ದರು. ನೀವು ಬಾಗಲಾ ಮುಚ್ಚಿ ನನ್ನ ಮುಂದ ಹೇಳಿದ್ರ ನನಗ ಹೊಲಿಗಿ ಬರತೈತೇನ್ರಿ?”

ರಾತ್ರಿ ನಮ್ಮವರಿಗೆ ಎಲ್ಲ ಹೇಳಿದೆ. ಈ ಸಲ ನಗಲಿಲ್ಲ. “ಆಕಿಗೆ ಖೋಲಿ ಬಿಡು ಅಂದದ್ದು ಮಂದಿ ಮುಂದ. ಇರು ಅನ್ನೂದೂ ಮಂದಿ ಮುಂದ ಆಗಬೇಕಲ್ಲ,” ಎಂದು ಮಗ್ಗುಲಾದರು.

ಬೆಳಿಗ್ಗೆ ಬೋರಿನ ಹತ್ತಿರ ಕೊಡಗಳ ಸಾಲು ಇತ್ತು. ನಾದಿನಿಯೂ ಇದ್ದಳು, ಸಾಲಿನ ಕೊನೆಯಲ್ಲಿ ಹೊಲಿಗೆಯವಳೂ ಕೊಡ ಹಿಡಿದು ನಿಂತಿದ್ದಳು. ದೇವರ ಮುಂದೆ ನೂರೆಂಟು ಸುತ್ತು ಹಾಕಿದ್ದು ಸುಲಭ, ಆ ಕೊಡಗಳ ಮುಂದೆ ನಿಂತದ್ದು ಕಷ್ಟ. ಆದರೂ ನಿಂತೆ. “ಹರಳು ಒಯ್ದದ್ದು ಕಲ್ಲಿಲಿ. ಆಕಿ ತಿರುಗಿ ತಂದು ಹಾಕತಿದ್ಲು. ನಾ ತಪ್ಪು ತಿಳಕೊಂಡು ಆಕಿಗೆ ಅಂದೆ. ತಪ್ಪು ನಂದು,” ಎಂದೆ. ಇಷ್ಟೇ ಮಾತು, ಮನೆಯಿಂದ ಬಾಯಿಪಾಠ ಮಾಡಿಕೊಂಡು ಬಂದಿದ್ದೆ.

ಯಾರೋ ಪಂಪು ಹೊಡೆಯುವುದನ್ನು ನಿಲ್ಲಿಸಿದರು.

“ಅಂದ್ರ ಒಂದು ಇಲಿ ನಿಮ್ಮನ್ನ ಇಷ್ಟ ದಿನಾ ಗರಗರ ತಿರುಗಿಸೇತೇನ್ರಿ ಅಕ್ಕಾರ?” ಎಂದಳು ಮೂಲೆ ಮನೆಯ ಮುದುಕಿ, ತನ್ನ ಕೊಡದ ಮೇಲೆ ಕೈಯಿಟ್ಟುಕೊಂಡು. ಎಲ್ಲರೂ ನಕ್ಕರು. ನಾನೂ ನಕ್ಕೆ, ಇಲ್ಲದಿದ್ದರೆ ಅಳುತ್ತಿದ್ದೆ.

“ಮತ್ತ ಪಂಚಮಿಗೆ ಹಾಲು ಕುಡದದ್ದು ಇಲೀನ ಅನ್ರಿ!” ಎಂದಳು ಇನ್ನೊಬ್ಬಳು.

“ತೋರಸ್ರಿ ನೋಡೂಣು,” ಎಂದು ನಾದಿನಿ ಮುಂದೆ ಬಂದಳು. ಕಲ್ಲಿನ ಹಿಂದೆ ಬಗ್ಗಿ, ಹರಳಿನ ಕದ ನೋಡಿದಳು. ಕುಂಕುಮ ಹತ್ತಿದ್ದನ್ನು ಒಂದು ತೆಗೆದು ಬೆರಳಲ್ಲಿ ಉಜ್ಜಿದಳು. ಮುಖ ಸಿಂಡರಿಸಿ, “ಆ ಇಲೀನ ಆಕೀನ ಹಲಗೇರಿಯಿಂದ ತಂದು ಬಿಟ್ಟಿದ್ರ?” ಎಂದಳು. ಅವಳ ಸಂಶಯ ಹೋಗಲಿಲ್ಲ. ಆಮೇಲೆ ಎಂದೂ ಅವಳು ಹಿಂದಿನ ಖೋಲಿಗೆ ಜಂಪರು ಕೊಡಲಿಲ್ಲ. ನಾನು ಅವಳನ್ನು ಬಯ್ಯುವ ಹಾಗಿಲ್ಲ. ನಾನೂ ಆಮೇಲೆ ಒಂದು ವಾರ, ಯಾರೂ ಇಲ್ಲದಾಗ, ಇಟ್ಟಿಗೆಯ ಚೂರು ಹತ್ತು ಎಣಿಸಿ ಗೂಡಿನಲ್ಲಿ ಇಟ್ಟು ನೋಡಿದೆ, ಖರೇನೇ ಇಲಿ ಒಯ್ಯುತ್ತದೆಯೋ ಎಂದು. ಒಯ್ಯಿತು. ಅಷ್ಟಾದ ಮೇಲೆ ನಂಬಿದೆ.

ಮೂಲೆ ಮನೆಯ ಮುದುಕಿ ತುಂಬಿದ ಕೊಡವನ್ನು ಸೊಂಟಕ್ಕೆ ಏರಿಸಿಕೊಂಡು ಹೊಲಿಗೆಯವಳ ಕಡೆ ತಿರುಗಿ, “ಏ ಯವ್ವಾ, ಮೊನ್ನೆ ನಮ್ಮ ಸೊಸಿ ಅರಿವಿ ತಿರುಗಿ ತಂದಾಳಂತ. ಮಧ್ಯಾಹ್ನ ಕೊಟ್ಟು ಕಳಸ್ತೇನಿ, ತೋಳು ಒಂದೀಟು ಸಡ್ಲ ಇಡು, ಆಕಿ ದಪ್ಪ ಆಗ್ಯಾಳ,” ಎಂದಳು.

“ಕಳಸ್ರಿ ಅಜ್ಜಿ,” ಎಂದಳು ಅವಳು. ದನಿ ಸಣ್ಣದಾಗಿತ್ತು, ಆದರೆ ಎಲ್ಲರಿಗೂ ಕೇಳಿಸಿತು.

ಹರಕೆಗೆ ಉಳಿದದ್ದು ಹನ್ನೆರಡು ದಿನ. ಹರಳಿನ ಗೊಡವೆ ಬಿಟ್ಟೆ. ಅವಳು ತನ್ನ ಹೊಲಿಗೆಯ ಸೀಮೆಸುಣ್ಣ ತಂದು ಕಟ್ಟೆಯ ಮೇಲೆ ಕುಳಿತು, ನಾನು ಒಂದು ಸುತ್ತು ಬಂದಾಗ ಒಂದು ಗೆರೆ ಎಳೆಯುವುದು ಎಂದಾಯಿತು. ಎಣಿಕೆ ತಪ್ಪಿದ ದಿನಗಳಿಗೆಂದು ಕೊನೆಯಲ್ಲಿ ಐದು ದಿನ ಹೆಚ್ಚು ಹಾಕೋಣ ಎಂದಾಗ ಅವಳು ಬೇಡ ಅನ್ನಲಿಲ್ಲ, “ಎಣ್ಣಿ ಹಚ್ಚಿ ಬರ್ರಿ ಕಾಲಿಗೆ” ಎಂದಳು. ಇಲಿಯ ಬಾಗಿಲನ್ನು ಯಾರೂ ಮುಟ್ಟಲಿಲ್ಲ.

ತಪ್ಪು ಒಪ್ಪಿಕೊಂಡ ಆ ಬೆಳಿಗ್ಗೆ ಬೋರಿನಿಂದ ನಾವಿಬ್ಬರೂ ಕೊಡ ಹೊತ್ತು ಬರುವಾಗ ಟೆಂಪೋ ಆಗಲೇ ಮನೆ ಮುಂದೆ ನಿಂತಿತ್ತು. ಡ್ರೈವರ್ ಹಾರ್ನ್ ಹೊಡೆದು, “ಸಾಮಾನು ಎಲ್ಲಿ ಐತ್ರಿ?” ಎಂದು ಕೇಳಿದ. ನಾನು ಅವಳ ಮುಖ ನೋಡಿದೆ. ಇರುತ್ತೇನೆ ಎಂದು ಅವಳು ಇನ್ನೂ ಬಾಯಿಬಿಟ್ಟು ಹೇಳಿರಲಿಲ್ಲ. ಅವಳು ಕೊಡ ಇಳಿಸಿ, ಸೆರಗಿನಿಂದ ಕೈ ಒರೆಸಿಕೊಂಡು, “ಇಲ್ಲಪಾ, ಅಣ್ಣಗ ಹೇಳು, ನನಗ ಇಲ್ಲಿ ಹೊಲಿಗಿ ಬಾಳ ಐತಿ,” ಎಂದಳು.

ಅವನಿಗೆ ಚಹಾ ಕೊಟ್ಟು ಕಳಿಸಿದೆ. ನಮ್ಮವರು ಒಳಗಿನಿಂದ ಹಸಿವೆ ಎಂದು ಕೂಗಿದರು. ಕಾಯಿಲೆ ಬಿದ್ದ ಮೇಲೆ ಅವರು ಹಾಗೆ ಕೂಗಿದ್ದು ಅದೇ ಮೊದಲು. ಒಲೆಯ ಮೇಲಿನ ಎಸರು ಕುದಿಯುತ್ತಿತ್ತು. ಜೋಳದ ಹಿಟ್ಟನ್ನು ಹರಿವಾಣಕ್ಕೆ ಸುರಿದು, ಬಿಸಿನೀರು ಹಾಕಿ, ನಾದಲು ಕುಳಿತೆ.